ಓದುಗರ ಪ್ರಶ್ನೆ, ನಮ್ಮ ಉತ್ತರ: ಇಂಗ್ಲೆಂಡಿನ ಸಂತೆಯೂರುಗಳು

ಇಂಗ್ಲೆಂಡಿನ ಸಣ್ಣ ಪೇಟೆಗಳಲ್ಲಿ ನೆಲೆಸಿರುವ ಕನ್ನಡಿಗರಿಂದಲೂ ಅವರ ಮನೆಯವರಿಂದಲೂ ಬಂದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು.

ಪ್ರಶ್ನೆ: ಮಗಳ ಸಂಸಾರ ಈಗ ಶ್ರಾಪ್‌ಶೈರ್‌ನ ಲಡ್ಲೋ ಎಂಬ ಊರಿನಲ್ಲಿದೆ. ಅದನ್ನು ‘ಮಾರ್ಕೆಟ್ ಟೌನ್’ ಅನ್ನುತ್ತಾರಂತೆ. ಮಾರ್ಕೆಟ್ ಇಲ್ಲದ ಊರು ಯಾವುದಿದೆ? ಈ ಹೆಸರಿಗೆ ಬೇರೆ ಅರ್ಥವಿದೆಯೇ?

ಉತ್ತರ: ಇದೆ. ಇಂಗ್ಲೆಂಡಿನಲ್ಲಿ ಸಂತೆ ಸೇರಿಸುವುದು ಒಂದು ಹಕ್ಕು. ಹಿಂದೆ ಅದನ್ನು ರಾಜ ಸನ್ನದು ಬರೆದು ಕೊಡಬೇಕಿತ್ತು. 13ನೇ ಶತಮಾನದಲ್ಲಿ ಜಹಗೀರುದಾರರೂ ಮಠಗಳೂ ಹಣ ತೆತ್ತು ಇಂಥ ಸನ್ನದುಗಳನ್ನು ಪಡೆದರು. ವಾರದ ಯಾವ ದಿನ ಸಂತೆ, ವರ್ಷದಲ್ಲಿ ಯಾವ ಸಂತನ ಹಬ್ಬಕ್ಕೆ ಜಾತ್ರೆ ಎಂಬುದೆಲ್ಲ ಅದರಲ್ಲೇ ಇರುತ್ತಿತ್ತು. ಮಾರಾಟದ ಸುಂಕ, ಅಂಗಡಿ ಹೂಡುವ ನೆಲದ ಬಾಡಿಗೆ ಎರಡೂ ಸನ್ನದು ಪಡೆದವನಿಗೆ ಸೇರುತ್ತಿದ್ದವು. ಹಾಗಾಗಿ ಪಕ್ಕದೂರಿನವನು ಅದೇ ದಿನ ಸಂತೆ ಶುರು ಮಾಡಿದರೆ ವ್ಯಾಜ್ಯವೇ ಆಗುತ್ತಿತ್ತು. ನ್ಯಾಯಾಧೀಶ ಬ್ರಾಕ್ಟನ್ ಹೆಸರಿನಲ್ಲಿರುವ ಆ ಕಾಲದ ಕಾನೂನು ಗ್ರಂಥ ಇದಕ್ಕೊಂದು ಲೆಕ್ಕ ಹಾಕಿಕೊಟ್ಟಿತು. ಮನುಷ್ಯ ದಿನಕ್ಕೆ 20 ಮೈಲಿ ನಡೆಯಬಲ್ಲ. ದಿನವನ್ನು ಮೂರು ಪಾಲು ಮಾಡಿದರೆ ಒಂದು ಪಾಲು ಹೋಗುವುದಕ್ಕೆ, ಒಂದು ವ್ಯಾಪಾರಕ್ಕೆ, ಉಳಿದದ್ದು ಕತ್ತಲಾಗುವ ಮೊದಲು ಮನೆ ಸೇರುವುದಕ್ಕೆ. ಆದ್ದರಿಂದ 20ರಲ್ಲಿ ಮೂರನೇ ಒಂದು ಭಾಗ, ಅಂದರೆ 6⅔ ಮೈಲಿ ಅಥವಾ ಸುಮಾರು 10.7 ಕಿಲೊಮೀಟರ್ ಒಳಗೆ ಇನ್ನೊಂದು ಸಂತೆ ಹುಟ್ಟಿದರೆ ಹಳೆಯದಕ್ಕೆ ಪೆಟ್ಟು ಎಂದು ತೀರ್ಮಾನ. ಎಂಟುನೂರು ವರ್ಷದ ಹತ್ತಿರದ ಈ ಲೆಕ್ಕ ಇವತ್ತಿಗೂ ಸತ್ತಿಲ್ಲ. ಅದೇ ದಿನ, ಆ ದೂರದೊಳಗೆ ಯಾರಾದರೂ ಸಂತೆ ಹೂಡಿದರೆ ಹಕ್ಕುಳ್ಳವರು ಈಗಲೂ ನ್ಯಾಯಾಲಯಕ್ಕೆ ಹೋಗಬಹುದು. ಹಲವು ಕೌನ್ಸಿಲ್‌ಗಳು, ಅಂದರೆ ಸ್ಥಳೀಯ ಆಡಳಿತ ಸಂಸ್ಥೆಗಳು, ಕಾರಿನ ಹಿಂಬದಿಯ ಡಿಕ್ಕಿಯಲ್ಲೇ ಹಳೆಯ ಸಾಮಾನು ಇಟ್ಟು ಮಾರುವ ‘ಕಾರ್ ಬೂಟ್’ ಸಂತೆಗಳಿಗೂ ಇದೇ ಆಧಾರದ ಮೇಲೆ ಅನುಮತಿ ಕೇಳುತ್ತವೆ.

ಊರ ಹೆಸರುಗಳಲ್ಲೂ ಇದರ ಗುರುತಿದೆ. ಮಾರ್ಕೆಟ್ ಹಾರ್ಬರೋ, ಮಾರ್ಕೆಟ್ ಡ್ರೇಟನ್ ಸರಿಯೇ. ಚಿಪ್ಪಿಂಗ್ ನಾರ್ಟನ್, ಚಿಪ್ಪಿಂಗ್ ಕ್ಯಾಂಪ್ಡನ್‌ಗಳಲ್ಲಿರುವ ‘ಚಿಪ್ಪಿಂಗ್’ ಕೂಡ ಹಳೆಯ ಇಂಗ್ಲಿಷಿನಲ್ಲಿ ಸಂತೆಯೇ. ನಮ್ಮ ಸಂತೇಬೆನ್ನೂರಿನ ಹಾಗೆ. ಸನ್ನದು ಪಡೆದ ಊರುಗಳಲ್ಲಿ ಬಹುಪಾಲು 1348ರ ಪ್ಲೇಗ್ ಮಹಾಮಾರಿಯ ನಂತರದ ಕಾಲದಲ್ಲಿ ಸಂತೆ ಕಳೆದುಕೊಂಡವು. ಕಾಗದದಲ್ಲಿ ಹಕ್ಕಿತ್ತು, ಬರುವ ಜನ ಇರಲಿಲ್ಲ. ಸುಮಾರು 10 ಸಾವಿರ ಜನರ ಲಡ್ಲೋದಲ್ಲಿ ಇವತ್ತಿಗೂ ಸೋಮವಾರ, ಬುಧವಾರ, ಶುಕ್ರವಾರ, ಶನಿವಾರ ಕೋಟೆಯೆದುರಿನ ಚೌಕದಲ್ಲಿ ಸಂತೆ ಕೂಡುತ್ತದೆ. ಮಗಳ ಮನೆಗೆ ಹೋದರೆ ಈ ನಾಲ್ಕರಲ್ಲಿ ಒಂದು ದಿನ ಬೆಳಗ್ಗೆ ಒಂಬತ್ತರ ಹೊತ್ತಿಗೆ ಹೋಗಿ ನಿಲ್ಲಿ.

ಪ್ರಶ್ನೆ: ಇಂಥ ಊರುಗಳಲ್ಲಿ ಮುಖ್ಯ ಬೀದಿ ಅಷ್ಟು ಅಗಲ, ಮನೆಗಳ ಮುಖ ಮಾತ್ರ ಇಕ್ಕಟ್ಟು. ಚೌಕದ ನಡುವೆಯೇ ಒಂದು ಸಾಲು ಅಂಗಡಿ ಬೇರೆ. ಯೋಜನೆ ಇಲ್ಲದೆ ಕಟ್ಟಿದ್ದೇ?

ಉತ್ತರ: ತುಂಬ ಲೆಕ್ಕ ಹಾಕಿ ಕಟ್ಟಿದ್ದು. ಬೀದಿ ಅಗಲವಾಗಿರುವುದು ಸಂತೆಗಾಗಿ, ಮನೆಯ ಮುಖ ಕಿರಿದಾಗಿರುವುದೂ ಅದಕ್ಕಾಗಿಯೇ. ಸಂತೆಗೆ ಮುಖ ಮಾಡಿದ ನೆಲಕ್ಕೆ ಬೇಡಿಕೆ ಹೆಚ್ಚು, ಹಾಗಾಗಿ ಅದನ್ನು ‘ಬರ್ಗೇಜ್’ ಎಂಬ ಪಟ್ಟಿಗಳಾಗಿ ಸೀಳಿ ಹಂಚಿದರು. ಅಳತೆಗೋಲು ‘ಪರ್ಚ್’, ಅಂದರೆ ಹದಿನಾರೂವರೆ ಅಡಿ. ಮುಂದೆ ಅಂಗಡಿ, ಮೇಲೆ ಮನೆ, ಹಿಂದೆ ಉದ್ದಕ್ಕೆ ಕಾರ್ಖಾನೆ, ಹಂದಿಗೂಡು, ತೋಟ, ಕೊನೆಯಲ್ಲಿ ಹಿತ್ತಲ ಓಣಿ. ಆ ಓಣಿಗಳು ಈಗಲೂ ಇವೆ. ಅವುಗಳಲ್ಲಿ ನಡೆದರೆ ಊರಿನ ಮೂಲ ನಕ್ಷೆ ಬೀದಿಯಲ್ಲಿ ಕಾಣುವುದಕ್ಕಿಂತ ಚೆನ್ನಾಗಿ ಕಾಣುತ್ತದೆ.

ಚೌಕದ ನಡುವಿನ ಸಾಲು ಮೊದಲು ದಿನಾ ಕಿತ್ತು ಒಯ್ಯುವ ಅಂಗಡಿಯಾಗಿತ್ತು. ಮಾಂಸದವನೊಬ್ಬ ಹಲಗೆಯನ್ನು ರಾತ್ರಿ ಅಲ್ಲೇ ಬಿಟ್ಟ, ಆಮೇಲೆ ಮೇಲೊಂದು ಸೂರು ಬಂತು, ಒಂದೆರಡು ತಲೆಮಾರಿನಲ್ಲಿ ಗೋಡೆ. ಇಟ್ಟಿಗೆಯ ನೇರ ಮುಖ ನೋಡಿ 18ನೇ ಶತಮಾನದ ಕಟ್ಟಡ ಎಂದುಕೊಳ್ಳಬೇಡಿ. ಪಕ್ಕದ ಸಂದಿಗೆ ಹೋಗಿ ನೋಡಿದರೆ ಎಷ್ಟೋ ಕಡೆ ಹಿಂದೆ ಇನ್ನೂ ಹಳೆಯ ಮರದ ಚೌಕಟ್ಟು ಸಿಗುತ್ತದೆ. ಫ್ಯಾಷನ್ ಬದಲಾದಾಗ ಮುಂದಿನ ಗೋಡೆ ಮಾತ್ರ ಹೊಸದಾಗಿ ಕಟ್ಟಿಸಿಕೊಂಡವರು ಬಹಳ. ಕಂಬಗಳ ಮೇಲೆ ನಿಂತ, ಕೆಳಗೆ ಬಯಲಾಗಿರುವ ಕಟ್ಟಡ ಕಂಡರೆ ಅದು ಬೆಣ್ಣೆ, ಗಿಣ್ಣು, ಮೊಟ್ಟೆ ಮಾರುವವರಿಗೆ ನೆರಳಾಗಿತ್ತು. ಚಿಪ್ಪಿಂಗ್ ಕ್ಯಾಂಪ್ಡನ್‌ನಲ್ಲಿ 1627ರದ್ದಿದೆ, ಲೆಡ್‌ಬರಿಯದು ಮರದ ಕಂಬಗಳ ಮೇಲಿದೆ. ಧಾನ್ಯದ ವ್ಯಾಪಾರಕ್ಕೆ 19ನೇ ಶತಮಾನದಲ್ಲಿ ಕಟ್ಟಿದ ‘ಕಾರ್ನ್ ಎಕ್ಸ್‌ಚೇಂಜ್’ಗಳಲ್ಲಿ ಈಗ ಧಾನ್ಯವಿಲ್ಲ; ಸ್ಯಾಫ್ರನ್ ವಾಲ್ಡನ್‌ನ 1848ರ ಕಟ್ಟಡ ಇಂದು ಊರಿನ ಗ್ರಂಥಾಲಯ. ಲಡ್ಲೋದ ಚೌಕ ಇಷ್ಟು ಬಯಲಾಗಿರುವುದು ಮಾತ್ರ ಹಳೆಯ ಸಂಗತಿಯಲ್ಲ. ಅಲ್ಲಿದ್ದ ವಿಕ್ಟೋರಿಯಾ ಕಾಲದ ಟೌನ್ ಹಾಲನ್ನು 1986ರಲ್ಲಿ ಕೆಡವಿದರು, ಸಂತೆ ಮತ್ತೆ ಬಯಲಿಗೆ ಬಂತು. ನಮ್ಮ ಅಭಿಪ್ರಾಯದಲ್ಲಿ ಊರಿಗೆ ಅದರಿಂದ ಒಳ್ಳೆಯದೇ ಆಯಿತು.

ಪ್ರಶ್ನೆ: ನಾವು ಗಂಡ ಹೆಂಡತಿ ಹೆರಿಫರ್ಡ್‌ಶೈರ್‌ನ ಒಂದು ಸಂತೆಯೂರಿನಲ್ಲಿದ್ದೇವೆ. ಶನಿವಾರದ ಸಂತೆಯಲ್ಲಿ ದೋಸೆ ಹಾಕುವ ಆಸೆ. ಏನೇನು ಬೇಕು, ಎಲ್ಲಿ ಎಡವುತ್ತೇವೆ?

ಉತ್ತರ: ಮೊದಲು ವೀಸಾ ಕಾಗದ ತೆಗೆದು ಓದಿ. ಸ್ಟೂಡೆಂಟ್ ವೀಸಾದವರು ಸ್ವಂತ ವ್ಯಾಪಾರ ಮಾಡುವಂತಿಲ್ಲ. ಬೇರೆ ವೀಸಾಗಳಲ್ಲೂ ಷರತ್ತು ಇರಬಹುದು, ಯಾರ ಹೆಸರಿನಲ್ಲಿ ವ್ಯಾಪಾರ ಎಂಬುದನ್ನು ಅದರಂತೆ ನಿರ್ಧರಿಸಿ. ಅದಾದ ಮೇಲೆ ಮೂರು ಶನಿವಾರ ಬರಿಗೈಯಲ್ಲಿ ಸಂತೆಗೆ ಹೋಗಿ ಹತ್ತರಿಂದ ಒಂದರವರೆಗೆ ನಿಂತು ನೋಡಿ. ಬಿಸಿ ತಿಂಡಿ ಎಷ್ಟು ಜನ ಮಾರುತ್ತಾರೆ? ಒಂದೇ ಬಗೆಯ ಅಂಗಡಿಗಳು ಹೆಚ್ಚಾಗದಂತೆ ಸಂತೆ ನಡೆಸುವವರು ನೋಡಿಕೊಳ್ಳುತ್ತಾರೆ. ಅಲ್ಲಿ ಆಗಲೇ ಇಂಡಿಯನ್ ಊಟದ ಅಂಗಡಿಯಿದ್ದರೆ ಜಾಗ ಸಿಗದೆ ಹೋಗಬಹುದು. ಜಾಗ ಕೊಡುವುದು ಟೌನ್ ಕೌನ್ಸಿಲ್ ಅಥವಾ ಜಿಲ್ಲಾ ಕೌನ್ಸಿಲ್‌ನ ಮಾರ್ಕೆಟ್ ಅಧಿಕಾರಿ. ಶುರುವಿನಲ್ಲಿ ‘ಕ್ಯಾಶುವಲ್’ ಆಗಿ, ಅಂದರೆ ಬಂದ ದಿನಕ್ಕೆ ಮಾತ್ರ ಬಾಡಿಗೆ ಕಟ್ಟುವವರಾಗಿ ಸೇರಿ. ಖಾಯಂ ಜಾಗ ತೆಗೆದುಕೊಂಡರೆ ಮಳೆ ಬಂದು ಮನೆಯಲ್ಲೇ ಉಳಿದ ದಿನಕ್ಕೂ ಬಾಡಿಗೆ ತೆರಬೇಕಾಗುತ್ತದೆ.

ಕಾಗದಪತ್ರ ಹೀಗೆ. ಆಹಾರ ವ್ಯಾಪಾರದ ನೋಂದಣಿಯನ್ನು ಕೌನ್ಸಿಲ್‌ನಲ್ಲಿ ಕನಿಷ್ಠ 28 ದಿನ ಮೊದಲು ಮಾಡಬೇಕು. ಶುಲ್ಕವಿಲ್ಲ, ನಿರಾಕರಿಸುವಂತೆಯೂ ಇಲ್ಲ. ಮನೆಯಲ್ಲಿ ಹಿಟ್ಟು ರುಬ್ಬುವುದಾದರೆ ಮನೆಯ ಅಡುಗೆಮನೆಯನ್ನೂ ಪರೀಕ್ಷಿಸುತ್ತಾರೆ, 0ಯಿಂದ 5ರವರೆಗೆ ಅಂಕ ಕೊಡುತ್ತಾರೆ. ಸಾರ್ವಜನಿಕ ಹೊಣೆಯ ವಿಮೆ, ಅಂದರೆ ನಿಮ್ಮ ಅಂಗಡಿಯಿಂದ ಬೇರೆಯವರಿಗೆ ಹಾನಿಯಾದರೆ ಪರಿಹಾರ ಕೊಡುವ ವಿಮೆ, ಸಾಮಾನ್ಯವಾಗಿ 50 ಲಕ್ಷ ಪೌಂಡಿನದು ಕೇಳುತ್ತಾರೆ. 1899ರಲ್ಲಿ ಹುಟ್ಟಿದ ಸಂತೆ ವ್ಯಾಪಾರಿಗಳ ರಾಷ್ಟ್ರೀಯ ಒಕ್ಕೂಟದ ಸದಸ್ಯರಾದರೆ ವಿಮೆ ಅದರ ಜೊತೆಗೇ ಬರುತ್ತದೆ. ಲೆವೆಲ್ 2 ಆಹಾರ ನೈರ್ಮಲ್ಯದ ಪ್ರಮಾಣಪತ್ರ, ‘ಗ್ಯಾಸ್ ಸೇಫ್’ ಎಂಬ ಅಧಿಕೃತ ಪಟ್ಟಿಯಲ್ಲಿ ನೋಂದಣಿಯಿರುವ ಎಂಜಿನಿಯರ್ ಕೊಟ್ಟ ಒಲೆಯ ಪ್ರಮಾಣಪತ್ರ ಇವೂ ಬೇಕು. ತೆರಿಗೆ ವರ್ಷದಲ್ಲಿ ಒಟ್ಟು ಮಾರಾಟ 1,000 ಪೌಂಡ್ ದಾಟಿದರೆ, ಆ ವರ್ಷ ಮುಗಿದ ಮೇಲೆ ಬರುವ ಅಕ್ಟೋಬರ್ 5ರೊಳಗೆ ತೆರಿಗೆ ಇಲಾಖೆಗೆ ತಿಳಿಸಬೇಕು.

ನಮ್ಮ ಅಡುಗೆಯವರು ಹೆಚ್ಚಾಗಿ ಎಡವುವುದು ಅಲರ್ಜಿಯ ಪಟ್ಟಿಯಲ್ಲಿ. ಬ್ರಿಟನ್ನಿನಲ್ಲಿ 14 ಪದಾರ್ಥಗಳನ್ನು ಗಿರಾಕಿಗೆ ತಿಳಿಸುವುದು ಕಡ್ಡಾಯ, ಅದರಲ್ಲಿ ಸಾಸಿವೆಯೂ ಒಂದು. ಒಗ್ಗರಣೆ ಹಾಕಿದ ಚಟ್ನಿ, ಪಲ್ಯ, ಸಾಂಬಾರು ಮೂರಕ್ಕೂ ಇದು ಅನ್ವಯಿಸುತ್ತದೆ. ಇಂಗಿನ ಡಬ್ಬಿಯ ಹಿಂದೆ ಓದಿ: ಅಂಗಡಿಯ ಇಂಗಿಗೆ ಬಹುತೇಕ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಅಕ್ಕಿ ಉದ್ದಿನ ದೋಸೆಯಲ್ಲಿ ಗ್ಲೂಟನ್ ಇಲ್ಲ ಎಂದು ಬೋರ್ಡ್ ಬರೆದು, ಜೊತೆಗೆ ಆ ಇಂಗು ಹಾಕಿದ ಸಾಂಬಾರು ಬಡಿಸಿದರೆ ಸೀಲಿಯಾಕ್ ಕಾಯಿಲೆಯವರು, ಅಂದರೆ ಗೋಧಿಯಲ್ಲಿರುವ ಗ್ಲೂಟನ್ ಒಗ್ಗದವರು, ನರಳುತ್ತಾರೆ. ಗೋಧಿ ಬೆರೆಸದ ಇಂಗು ಹುಡುಕಿ ತನ್ನಿ, ಇಲ್ಲವೇ ಇಂಗು ಬಿಟ್ಟುಬಿಡಿ. ಕಡಲೆಕಾಯಿ, ಗೋಡಂಬಿ, ಎಳ್ಳು ಪಟ್ಟಿಯಲ್ಲಿವೆ. ತೆಂಗಿನಕಾಯಿ, ಉದ್ದಿನಬೇಳೆ ಇಲ್ಲ. ಎದುರಿಗೇ ಹುಯ್ದು ಕೊಡುವ ದೋಸೆಗೆ ಬಾಯಲ್ಲಿ ಹೇಳಿದರೆ ನಡೆಯುತ್ತದೆ, ಆದರೆ ‘ಅಲರ್ಜಿ ಇದ್ದರೆ ಕೇಳಿ’ ಎಂಬ ಫಲಕ ಇರಲೇಬೇಕು. ಮೊದಲೇ ಪೊಟ್ಟಣ ಕಟ್ಟಿಟ್ಟ ಚಟ್ನಿಪುಡಿಗೆ 2021ರ ಅಕ್ಟೋಬರ್ 1ರಿಂದ ಪೂರ್ತಿ ಪದಾರ್ಥಪಟ್ಟಿಯ ಚೀಟಿ ಕಡ್ಡಾಯ. ಅಲರ್ಜಿಯ ಪದಾರ್ಥಗಳನ್ನು ದಪ್ಪಕ್ಷರದಲ್ಲೋ ಬೇರೆ ಬಣ್ಣದಲ್ಲೋ ಎದ್ದುಕಾಣುವಂತೆ ಬರೆಯಬೇಕು.

ಬಿಸಿ ಸಾಂಬಾರು 63 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯಬಾರದು. ಇಳಿದರೆ ಒಂದೇ ಸಲ, ಎರಡು ಗಂಟೆಯವರೆಗೆ ರಿಯಾಯಿತಿ. ಚಟ್ನಿ 8 ಡಿಗ್ರಿಯೊಳಗಿರಬೇಕು, ಮೀರಿದರೆ ನಾಲ್ಕು ಗಂಟೆ, ಅದೂ ಒಂದೇ ಸಲ. ಚುಚ್ಚಿ ನೋಡುವ ಥರ್ಮಾಮೀಟರ್ ಇಟ್ಟುಕೊಂಡು ಗಂಟೆಗೊಮ್ಮೆ ಪುಸ್ತಕದಲ್ಲಿ ಬರೆಯಿರಿ. ಅಧಿಕಾರಿ ಬಂದಾಗ ಕೇಳುವುದು ಆ ಪುಸ್ತಕವನ್ನು.

ಹಿಟ್ಟಿನ ವಿಷಯ: 100 ದೋಸೆಗೆ 3 ಕಿಲೊ ಅಕ್ಕಿ, 1 ಕಿಲೊ ಉದ್ದು ಇಟ್ಟುಕೊಳ್ಳಿ. ಒಂದು ದೋಸೆಗೆ 90ರಿಂದ 100 ಗ್ರಾಂ ಹಿಟ್ಟು ಹಿಡಿಯುತ್ತದೆ. ಇಂಗ್ಲೆಂಡಿನ ಮನೆ 17-18 ಡಿಗ್ರಿಯಲ್ಲಿದ್ದರೆ ಹಿಟ್ಟು ಒಂದಿಡೀ ದಿನವಾದರೂ ಸರಿಯಾಗಿ ಹುದುಗುವುದಿಲ್ಲ. ಗುರುವಾರ ಸಂಜೆ ರುಬ್ಬಿ, ಒಲೆ ಹಚ್ಚದೆ ದೀಪ ಮಾತ್ರ ಉರಿಯುವ ಓವನ್ನಿನಲ್ಲಿಡಿ. 28-30 ಡಿಗ್ರಿ ಸಿಕ್ಕರೆ ಶುಕ್ರವಾರ ಬೆಳಗ್ಗೆ ಉಬ್ಬಿರುತ್ತದೆ. ಕೂಡಲೇ ಫ್ರಿಜ್ಜಿಗೆ ಸೇರಿಸಿ, ಶನಿವಾರ ಸಣ್ಣ ಸಣ್ಣ ಡಬ್ಬಿಗಳಲ್ಲಿ ತಣ್ಣನೆಯ ಪೆಟ್ಟಿಗೆಯಲ್ಲಿ ಒಯ್ಯಿರಿ. ಒಂದೇ ದೊಡ್ಡ ಪಾತ್ರೆಯಲ್ಲಿ ಒಯ್ದರೆ ಮಧ್ಯಾಹ್ನಕ್ಕೆ ಉಳಿದದ್ದೆಲ್ಲ ಹುಳಿ.

ಸಿಲಿಂಡರ್ ಪ್ರೋಪೇನ್ ಇರಲಿ, ಬ್ಯೂಟೇನ್ ಬೇಡ. ಬ್ಯೂಟೇನ್ ಕುದಿಯುವುದೇ ಸೊನ್ನೆ ಡಿಗ್ರಿಯ ಹತ್ತಿರ, ಆದ್ದರಿಂದ ಜನವರಿಯ ಬೆಳಗ್ಗೆ ಅದು ಆವಿಯಾಗದೆ ಜ್ವಾಲೆ ಸಣ್ಣಗಾಗಿ ಕಾವಲಿ ಕಾಯುವುದೇ ಇಲ್ಲ. ಪ್ರೋಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗೂ ಆವಿಯಾಗುತ್ತದೆ. ಅದರ ರೆಗ್ಯುಲೇಟರ್ ಬೇರೆ: 37 ಮಿಲಿಬಾರ್, ಬ್ಯೂಟೇನಿನದು 28. ಹಳೆಯದನ್ನೇ ಸಿಕ್ಕಿಸಲು ಹೋಗಬೇಡಿ. ಡೇರೆ 3 ಮೀಟರ್ ಚದರದ್ದು ಸಾಕು, ಆದರೆ ನಾಲ್ಕು ಕಾಲಿಗೂ ತಲಾ 20 ಕಿಲೊ ತೂಕ ಕಟ್ಟಿ. ಚೌಕದ ಕಲ್ಲುಹಾಸಿಗೆ ಗೂಟ ಹೊಡೆಯಲು ಬಿಡುವುದಿಲ್ಲ. ಗಾಳಿ ಬರುವ ಮೂರು ಬದಿಗೂ ಪರದೆ ಹಾಕದಿದ್ದರೆ ಬಿಸಿಯೆಲ್ಲ ಗಾಳಿಗೆ ಹೋಗಿ ದೋಸೆ ಬಿಳಿಚಿಕೊಳ್ಳುತ್ತದೆ. ಕೈ ತೊಳೆಯಲು ಬಿಸಿನೀರು, ಸೋಪು ಇರಲೇಬೇಕು. ಕೊಳೆನೀರನ್ನು ಡ್ರಮ್ಮಿನಲ್ಲಿ ಮನೆಗೆ ವಾಪಸು ತನ್ನಿ. ರಸ್ತೆಯ ಚರಂಡಿಗೆ ಸುರಿದರೆ ಅದು ಸಾಮಾನ್ಯವಾಗಿ ನೇರ ಹೊಳೆಗೆ ಹೋಗುತ್ತದೆ.

ಪ್ರಶ್ನೆ: ನಮ್ಮೂರ ಚೌಕದಲ್ಲಿ ಒಳ್ಳೆಯ ಜಾಗದ ಒಂದು ಹಳೆಯ ಅಂಗಡಿ ಎರಡು ವರ್ಷದಿಂದ ಖಾಲಿ ಬಿದ್ದಿದೆ. ಇನ್ನೊಂದು ಬ್ಯಾಂಕ್ ಆಗಿದ್ದದ್ದು ರಾತ್ರೋರಾತ್ರಿ ಜಿಮ್ ಆಯಿತು. ಮಾಲೀಕರು ಬಾಡಿಗೆ ಇಳಿಸುವುದಿಲ್ಲವೇಕೆ? ಕೇಳುವವರಿಲ್ಲವೇ?

ಉತ್ತರ: ಎರಡಕ್ಕೂ ಕಾರಣ ನಿಯಮಗಳಲ್ಲೇ ಇದೆ. ಅಂಗಡಿಗೆ ಕಟ್ಟುವ ‘ಬಿಸಿನೆಸ್ ರೇಟ್ಸ್’ ತೆರಿಗೆ ಖಾಲಿಯಾದ ಮೊದಲ ಮೂರು ತಿಂಗಳು ಇರುವುದಿಲ್ಲ, ಆಮೇಲೆ ಪೂರ್ತಿ ಬೀಳುತ್ತದೆ. ಆದರೆ ಕಟ್ಟಡ ಸರಕಾರದ ರಕ್ಷಿತ ಪಟ್ಟಿಯಲ್ಲಿದ್ದರೆ ಖಾಲಿ ಇರುವಷ್ಟು ಕಾಲವೂ ತೆರಿಗೆ ಇಲ್ಲ. ಸಂತೆಯೂರಿನ ಚೌಕದಲ್ಲಿರುವ ಹಳೆಯ ಕಟ್ಟಡಗಳಲ್ಲಿ ಬಹಳಷ್ಟು ಆ ಪಟ್ಟಿಯಲ್ಲಿರುತ್ತವೆ. ಮಾಲೀಕರಿಗೆ ಅವಸರವೇ ಹುಟ್ಟುವುದಿಲ್ಲ. ಬಾಡಿಗೆ ಇಳಿಸಿದರೆ ಕಟ್ಟಡದ ಬೆಲೆಯೂ ಇಳಿಯುತ್ತದೆ, ಸಾಲ ಕೊಟ್ಟ ಬ್ಯಾಂಕ್ ಪ್ರಶ್ನೆ ಮಾಡುತ್ತದೆ. ಹೊಸ ಅಸ್ತ್ರವೊಂದು 2024ರ ಡಿಸೆಂಬರಿನಲ್ಲಿ ಬಂದಿದೆ: 24 ತಿಂಗಳಲ್ಲಿ ಒಟ್ಟು 365 ದಿನಕ್ಕಿಂತ ಹೆಚ್ಚು ಖಾಲಿಯಿದ್ದ ಅಂಗಡಿಯ ಬಾಡಿಗೆಹಕ್ಕನ್ನು, ಒಂದರಿಂದ ಐದು ವರ್ಷದ ಅವಧಿಗೆ, ಕೌನ್ಸಿಲ್ ತಾನೇ ಹರಾಜು ಹಾಕಬಹುದು. ಕೌನ್ಸಿಲ್ ಮೊದಲು ಆ ಬೀದಿಯನ್ನು ಇದಕ್ಕಾಗಿ ಗುರುತಿಸಿರಬೇಕು. ನಿಮ್ಮ ಕೌನ್ಸಿಲರ್‌ಗೆ ಕೇಳಬೇಕಾದ ಮೊದಲ ಪ್ರಶ್ನೆ ಅದೇ.

ಜಿಮ್ಮಿನ ವಿಷಯದಲ್ಲಿ ಕೇಳುವಂತಿಲ್ಲ. 2020ರ ಸೆಪ್ಟೆಂಬರ್ 1ರಿಂದ ಅಂಗಡಿ, ಬ್ಯಾಂಕ್, ಕೆಫೆ, ಕಚೇರಿ, ಕ್ಲಿನಿಕ್, ಜಿಮ್ ಎಲ್ಲವೂ ‘ಇ’ ಎಂಬ ಒಂದೇ ವರ್ಗ. ಒಂದರಿಂದ ಇನ್ನೊಂದಕ್ಕೆ ಬದಲಿಸಲು ಯೋಜನಾ ಅನುಮತಿ, ಅಂದರೆ ಕಟ್ಟಡದ ಬಳಕೆಗೆ ಕೌನ್ಸಿಲ್ ಕೊಡುವ ಒಪ್ಪಿಗೆ, ಬೇಡ. ಪಬ್, ಬೆಟ್ಟಿಂಗ್ ಅಂಗಡಿ, ಬಿಸಿ ಊಟ ಕಟ್ಟಿಕೊಡುವ ಅಂಗಡಿ ಈ ವರ್ಗದ ಹೊರಗಿವೆ. ಅಂಗಡಿಯನ್ನು ಮನೆ ಮಾಡುವುದಕ್ಕೂ 2021ರಿಂದ ಸುಲಭದ ದಾರಿಯಿದೆ, ಆದರೆ ರಕ್ಷಿತ ಕಟ್ಟಡಗಳಿಗೆ ಅದು ಅನ್ವಯಿಸುವುದಿಲ್ಲ. ಕೆಳಮಹಡಿಯ ಅಂಗಡಿ ಒಮ್ಮೆ ಮನೆಯಾದರೆ ಮತ್ತೆ ಅಂಗಡಿಯಾಗುವುದು ತೀರಾ ಅಪರೂಪ, ಹಾಗಾಗಿ ನಮಗೆ ಜಿಮ್ಮಿಗಿಂತ ಇದೇ ಆತಂಕದ ವಿಷಯ. ಕೌನ್ಸಿಲ್ ‘ಆರ್ಟಿಕಲ್ 4’ ಆದೇಶ ಹೊರಡಿಸಿ ಮುಖ್ಯ ಬೀದಿಯಲ್ಲಿ ಈ ದಾರಿಯನ್ನು ಮುಚ್ಚಬಹುದು.

ಪ್ರಶ್ನೆ: ಸಣ್ಣ ಪುಸ್ತಕದಂಗಡಿ ತೆರೆಯಬೇಕೆಂದಿದ್ದೇನೆ. ಈ ರೇಟ್ಸ್ ತೆರಿಗೆಯ ಲೆಕ್ಕ ಹೇಗೆ?

ಉತ್ತರ: ಮೌಲ್ಯಮಾಪನ ಕಚೇರಿ ಜಾಗದ ವಾರ್ಷಿಕ ಬಾಡಿಗೆಯನ್ನು ಅಂದಾಜು ಮಾಡಿ ಒಂದು ಮೌಲ್ಯ ನಿಗದಿ ಮಾಡುತ್ತದೆ. ಅದು 12,000 ಪೌಂಡ್ ಒಳಗಿದ್ದು, ನಿಮಗಿರುವುದು ಅದೊಂದೇ ಜಾಗವಾದರೆ ತೆರಿಗೆ ಸೊನ್ನೆ. 12,000ದಿಂದ 15,000ದವರೆಗೆ ರಿಯಾಯಿತಿ ಮೆಲ್ಲಗೆ ಕರಗುತ್ತದೆ. 2025-26ರ ದರದಲ್ಲಿ ನೋಡಿ: ಮೌಲ್ಯ 13,500 ಎಂದುಕೊಂಡರೆ, ಪೌಂಡಿಗೆ 49.9 ಪೆನ್ಸ್‌ನಂತೆ 6,736.50 ಪೌಂಡ್. 13,500 ಸರಿಯಾಗಿ ಮಧ್ಯದಲ್ಲಿರುವುದರಿಂದ ಅರ್ಧ ಮನ್ನಾ, ಉಳಿದದ್ದು 3,368.25. ಆ ವರ್ಷ ಅಂಗಡಿ-ಹೋಟೆಲುಗಳಿಗಿದ್ದ ಶೇ 40ರ ರಿಯಾಯಿತಿ ಕಳೆದರೆ 2,020.95. 2026ರ ಏಪ್ರಿಲಿನಿಂದ ಮೌಲ್ಯಪಟ್ಟಿಯೂ ದರಗಳೂ ಹೊಸವು, ಲೆಕ್ಕದ ಮೊದಲ ಹೆಜ್ಜೆಗಳು ಮಾತ್ರ ಇವೇ. ಸಣ್ಣ ವ್ಯಾಪಾರದ ರಿಯಾಯಿತಿಗೆ ಸಾಮಾನ್ಯವಾಗಿ ನೀವೇ ಅರ್ಜಿ ಹಾಕಬೇಕು, ಕೇಳದೆ ಅನೇಕರು ಕಳೆದುಕೊಳ್ಳುತ್ತಾರೆ. ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲೇ ಜಾಗದ ಮೌಲ್ಯವನ್ನು ಸರಕಾರದ ಜಾಲತಾಣದಲ್ಲಿ ನೋಡಿಕೊಳ್ಳಿ. 11,900ಕ್ಕೂ 15,100ಕ್ಕೂ ನಡುವಿನ ವ್ಯತ್ಯಾಸ ಸಣ್ಣ ಅಂಗಡಿಯ ವರ್ಷದ ಲಾಭವನ್ನೇ ನುಂಗಬಹುದು.

ಪ್ರಶ್ನೆ: ಊರಿನ ಕೊನೆಯ ಬ್ಯಾಂಕ್ ಶಾಖೆಯೂ ಮುಚ್ಚುತ್ತದಂತೆ. ಸಂತೆಯವರು ನೋಟು ಚಿಲ್ಲರೆ ಎಲ್ಲಿ ಕಟ್ಟಬೇಕು?

ಉತ್ತರ: ಅಂಚೆ ಕಚೇರಿಯಲ್ಲಿ ಕಟ್ಟಬಹುದು, ಮಿತಿ ಆಯಾ ಬ್ಯಾಂಕಿನದು. ಅದಕ್ಕಿಂತ ಒಳ್ಳೆಯದು ‘ಬ್ಯಾಂಕಿಂಗ್ ಹಬ್’. 2021ರಲ್ಲಿ ಎಸೆಕ್ಸ್‌ನ ರಾಚ್‌ಫರ್ಡ್‌ನಲ್ಲೂ ಸ್ಕಾಟ್ಲೆಂಡಿನ ಕೇಂಬಸ್ಲಾಂಗ್‌ನಲ್ಲೂ ಪ್ರಯೋಗವಾಗಿ ತೆರೆದರು, ಆಮೇಲೆ ದೇಶದೆಲ್ಲೆಡೆ ಹರಡಿತು. ಕೌಂಟರನ್ನು ಅಂಚೆಯವರು ನಡೆಸುತ್ತಾರೆ, ಯಾವ ಬ್ಯಾಂಕಿನ ಗಿರಾಕಿಯಾದರೂ ಹಣ ಕಟ್ಟಬಹುದು, ತೆಗೆಯಬಹುದು. ಒಳಗಿನ ಕೋಣೆಯಲ್ಲಿ ದಿನಕ್ಕೊಂದು ಬ್ಯಾಂಕಿನ ಸಿಬ್ಬಂದಿ ಕೂರುತ್ತಾರೆ. ಸೋಮವಾರ ಒಬ್ಬರದು, ಮಂಗಳವಾರ ಇನ್ನೊಬ್ಬರದು. ನಿಮ್ಮ ಬ್ಯಾಂಕಿನ ದಿನ ಸಂತೆಯ ದಿನವೇ ಆಗುವಂತೆ ಊರಿನವರು ಕೇಳಿಕೊಳ್ಳಿ. ಹಳ್ಳಿಯವರು ಒಂದೇ ಬಸ್ಸಿನಲ್ಲಿ ಬಂದು ಎರಡೂ ಕೆಲಸ ಮುಗಿಸುತ್ತಾರೆ, ಅಂಗಡಿಗಳಿಗೂ ಗಿರಾಕಿ ಸಿಗುತ್ತಾರೆ.

ಹಬ್ ಬೇಕೇ ಎಂದು ಅಳೆಯುವುದು ಎಟಿಎಂ ಜಾಲ ನಡೆಸುವ ‘ಲಿಂಕ್’ ಸಂಸ್ಥೆ. ಶಾಖೆ ಮುಚ್ಚುವ ಸುದ್ದಿ ಬಂದಾಗ ಅದು ತಾನಾಗಿ ಪರಿಶೀಲಿಸುತ್ತದೆ, ಊರಿನವರು ಯಾರು ಬೇಕಾದರೂ ಕೋರಿಕೆ ಸಲ್ಲಿಸಲೂಬಹುದು. ನಗದು ಸೇವೆಯ ಈ ನಿಯಮಗಳು 2024ರ ಸೆಪ್ಟೆಂಬರ್ 18ರಿಂದ ಕಡ್ಡಾಯವಾಗಿವೆ. ಕೋರಿಕೆಯಲ್ಲಿ ಬರೀ ಅಳಲು ತೋಡಿಕೊಳ್ಳದೆ ಲೆಕ್ಕ ಕೊಡಿ: ನಗದು ವ್ಯಾಪಾರದ ಅಂಗಡಿ ಎಷ್ಟು, ಮುಂದಿನ ಊರಿನ ಶಾಖೆಗೆ ಬಸ್ಸು ದಿನಕ್ಕೆಷ್ಟು, ಹೋಗಿಬರಲು ಎಷ್ಟು ಹೊತ್ತು.

ಪ್ರಶ್ನೆ: ಬೀದಿ ಕೊನೆಯ ಪಬ್ಬನ್ನು ಮಾರುತ್ತಾರಂತೆ. ಊರಿನವರು ತಡೆಯಬಹುದೇ?

ಉತ್ತರ: ತಡೆಯಲು ಆಗುವುದಿಲ್ಲ, ಸಮಯ ಗಳಿಸಬಹುದು. 2011ರ ಲೋಕಲಿಸಂ ಕಾಯಿದೆ ತಂದ ದಾರಿ ಇದು. ಟೌನ್ ಕೌನ್ಸಿಲ್ ಅಥವಾ ಕನಿಷ್ಠ 21 ಸ್ಥಳೀಯ ಮತದಾರರ ಗುಂಪು ಆ ಪಬ್ಬನ್ನು ‘ಸಮುದಾಯಕ್ಕೆ ಮೌಲ್ಯವುಳ್ಳ ಆಸ್ತಿ’ ಎಂದು ಸೂಚಿಸಬಹುದು. ಜಿಲ್ಲಾ ಕೌನ್ಸಿಲ್ ಎಂಟು ವಾರದಲ್ಲಿ ನಿರ್ಧರಿಸಬೇಕು, ಪಟ್ಟಿಗೆ ಸೇರಿದರೆ ಐದು ವರ್ಷ ಇರುತ್ತದೆ. ಮಾಲೀಕರು ಮಾರಲು ಹೊರಟಾಗ ಊರಿನವರು ಆರು ವಾರದೊಳಗೆ ಆಸಕ್ತಿ ತೋರಿಸಿದರೆ ಮಾರಾಟ ಒಟ್ಟು ಆರು ತಿಂಗಳು ನಿಲ್ಲುತ್ತದೆ. ಈ ಕಾಯಿದೆಯಂತೆ ಕೊನೆಗೆ ಯಾರಿಗೆ ಮಾರಬೇಕೆಂಬುದು ಮಾಲೀಕರ ಇಷ್ಟವೇ. ಮಾರಾಟದ ಫಲಕ ಬಿದ್ದ ಮೇಲೆ ಅರ್ಜಿ ಹಾಕುವವರು ಬಹಳ, ಆಗ ಎಂಟು ವಾರ ಕೈಮೀರಿ ಹೋಗಿರುತ್ತದೆ. ಪಬ್ ಚೆನ್ನಾಗಿ ನಡೆಯುತ್ತಿರುವಾಗಲೇ ಪಟ್ಟಿಗೆ ಸೇರಿಸಿಬಿಡಿ. ಕೆಡವುವುದಕ್ಕೆ ಅಥವಾ ಅಂಗಡಿ ಮಾಡುವುದಕ್ಕೆ 2017ರಿಂದ ಪ್ರತ್ಯೇಕ ಯೋಜನಾ ಅನುಮತಿ ಬೇಕು, ಅಲ್ಲಿಯೂ ಆಕ್ಷೇಪಣೆ ಸಲ್ಲಿಸಬಹುದು.

ಪ್ರಶ್ನೆ: ಹಳೆಯ ಅಂಗಡಿಗಳ ಮೇಲೆ ಬುಧವಾರ ಅರ್ಧ ದಿನ ಎಂದಿರುತ್ತದೆ. ಏಕೆ?

ಉತ್ತರ: ಅಂಗಡಿ ನೌಕರರಿಗೆ ವಾರದಲ್ಲಿ ಒಂದು ಮಧ್ಯಾಹ್ನ ರಜೆ ಎಂದು 1911ರ ಕಾಯಿದೆ ಬಂತು. ಯಾವ ದಿನ ಎಂಬುದು ಊರಿಂದೂರಿಗೆ ಬೇರೆ, ಸಂತೆಯ ದಿನವನ್ನು ಮಾತ್ರ ತಪ್ಪಿಸುತ್ತಿದ್ದರು. ಕಡ್ಡಾಯ 1994ರಲ್ಲಿ ಹೋಯಿತು, ರೂಢಿ ಕೆಲವೆಡೆ ಉಳಿದಿದೆ.

ಪ್ರಶ್ನೆ: ದನದ ಸಂತೆ ಈಗಲೂ ನಡೆಯುತ್ತದೆಯೇ? ನೋಡಲು ಬಿಡುತ್ತಾರೆಯೇ?

ಉತ್ತರ: ನಡೆಯುತ್ತದೆ, ಆದರೆ ಹೆಚ್ಚಿನವು ಪೇಟೆಯೊಳಗಿಂದ ಹೊರವರ್ತುಲ ರಸ್ತೆಗೆ ಹೋಗಿವೆ. ಲಾರಿಗಳು ದೊಡ್ಡವಾದವು, ಚೌಕದ ನೆಲಕ್ಕೆ ಸೂಪರ್‌ಮಾರ್ಕೆಟ್ ಬೆಲೆ ಬಂತು. 2001ರ ಕಾಲುಬಾಯಿ ರೋಗದಲ್ಲಿ ತಿಂಗಳುಗಟ್ಟಲೆ ಹರಾಜು ನಿಂತಾಗ ಕೆಲವು ಮತ್ತೆ ತೆರೆಯಲೇ ಇಲ್ಲ. ಆದರೆ ಮೆಲ್ಟನ್ ಮೋಬ್ರೆ ಎಂಬ ಊರಿನಲ್ಲಿ ಇನ್ನೂ ಊರೊಳಗೇ ಮಂಗಳವಾರ ಹರಾಜಿದೆ. ರೈತರು ಬಂದ ದಿನ ಬೂಟಿನ ಅಂಗಡಿ, ಬೀಜದಂಗಡಿ, ಊಟದ ಮನೆ ಎಲ್ಲಕ್ಕೂ ವ್ಯಾಪಾರ. ಹರಾಜು ಹೊರಗೆ ಹೋದ ಊರಿನಲ್ಲಿ ಆ ಅಂಗಡಿಗಳೂ ಒಂದೊಂದಾಗಿ ತೆಳುವಾಗುವುದನ್ನು ಕಾಣಬಹುದು.

ನೋಡಲು ಹೋಗಬಹುದು. ಕಟಕಟೆಯ ಸುತ್ತ ಮೆಟ್ಟಿಲುಗಳಿರುತ್ತವೆ, ಹಿಂದಿನ ಸಾಲಿನಲ್ಲಿ ನಿಲ್ಲಿ. ಮಾಂಸದ ರಾಸುಗಳನ್ನು ಬದುಕಿರುವಾಗಿನ ತೂಕದ ಮೇಲೆ, ಕಿಲೊಗೆ ಇಷ್ಟು ಪೆನ್ಸ್ ಎಂದು ಕೂಗುತ್ತಾರೆ. ತಳಿಯ ಹೋರಿಗಳಿಗೆ ಈಗಲೂ ‘ಗಿನಿ’ ಲೆಕ್ಕ ಇದೆ, ಒಂದು ಗಿನಿಗೆ 1.05 ಪೌಂಡ್. ಖರೀದಿದಾರರು ಹುಬ್ಬು ಎತ್ತಿ, ಕ್ಯಾಟಲಾಗಿನ ತುದಿ ಅಲ್ಲಾಡಿಸಿ ಬೆಲೆ ಏರಿಸುತ್ತಾರೆ, ಆದ್ದರಿಂದ ಹರಾಜುಗಾರ ನಿಮ್ಮ ಕಡೆ ನೋಡುತ್ತಿರುವಾಗ ಪರಿಚಯದವರಿಗೆ ಕೈ ಬೀಸಬೇಡಿ. ಹೊರಡುವಾಗ ಗೇಟಿನ ಬಳಿ ಇಟ್ಟಿರುವ ಸೋಂಕುನಾಶಕದ ತೊಟ್ಟಿಯಲ್ಲಿ ಬೂಟು ತೊಳೆದುಕೊಳ್ಳಿ. ಅಲ್ಲಿಂದ ನೇರವಾಗಿ ಬೇರೊಂದು ದನದ ಕೊಟ್ಟಿಗೆಗೆ ಹೋಗಬೇಡಿ.